ಕೆಂಪು ಕಾರಿನ ಗೋಡೆ

ನಮ್ಮ ಮನೆ ಹಂಗಳ ದಾಟಿ ಸ್ವಲ್ಪ ಮುಂದೆ, ಊಟಿಗೆ ಹೋಗುವ ರಸ್ತೆಗೆ ಬೆನ್ನು ಹಾಕಿ ಕೂತಿತ್ತು. ಬಾಗಿಲು, ಜಗಲಿ, ತುಳಸಿಕಟ್ಟೆ ಎಲ್ಲವೂ ಹಿಂದಿನ ಓಣಿಯ ಕಡೆಗೆ. ತಾತ ಮನೆ ಕಟ್ಟಿಸಿದಾಗ ಆ ರಸ್ತೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲವಂತೆ. ದನ ಹೋಗುತ್ತವೆ, ಗಾಡಿ ಹೋಗುತ್ತದೆ, ಧೂಳು ಬರುತ್ತದೆ, ಅದನ್ನು ನೋಡೋಕೆ ಬಾಗಿಲು ಯಾಕೆ ಅಂದನಂತೆ. ಆಮೇಲೆ ಲೋಕವೆಲ್ಲ ಆ ರಸ್ತೆಯಲ್ಲೇ ಓಡಾಡತೊಡಗಿತು. ನಮಗೆ ಮಾತ್ರ ಆ ಕಡೆ ಇದ್ದದ್ದು ಒಂದು ಉದ್ದನೆಯ ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಕಿಟಕಿ ಹೋಗಲಿ, ಗುಬ್ಬಿ ತೂರುವಷ್ಟು ತೂತೂ ಇರಲಿಲ್ಲ. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ನಾನು ಆ ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಮಲಗುತ್ತಿದ್ದೆ. ಲಾರಿ ಹೋದರೆ ಗೋಡೆ ಮೆಲ್ಲಗೆ ನಡುಗುತ್ತಿತ್ತು, ಅಟ್ಟದ ಮೇಲಿನ ಹಿತ್ತಾಳೆ ಚೆಂಬುಗಳು ಒಂದಕ್ಕೊಂದು ತಾಗಿ ಸಣ್ಣಗೆ ಮಾತಾಡುತ್ತಿದ್ದವು. ಕಣ್ಣು ಮುಚ್ಚಿದರೆ ಮನೆಯೇ ಹೊರಟಂತೆ ಅನಿಸುತ್ತಿತ್ತು. ಅರ್ಧ ನಿದ್ದೆಯಲ್ಲಿ ನಾನು, ಅಣ್ಣ ಮಲ್ಲು, ಎಲೆಯಡಿಕೆ ಚೀಲದ ಸಮೇತ ಅಜ್ಜಿ, ಕೊಟ್ಟಿಗೆಯ ಎಮ್ಮೆ, ಎಲ್ಲರೂ ಸೇರಿ ಘಾಟಿ ಹತ್ತುತ್ತಿದ್ದೆವು. ಎಚ್ಚರವಾದಾಗ ಚಾಪೆಯ ಬರೆ ಕೆನ್ನೆಯ ಮೇಲೆ ಇರುತ್ತಿತ್ತು, ಊರು ಅದೇ ಇರುತ್ತಿತ್ತು.

ಆ ಗೋಡೆಗೆ ಅಂಟಿಕೊಂಡೇ ಅಡುಗೆ ಮನೆ. ಅಲ್ಲಿ ಹಗಲಲ್ಲೂ ಬುಡ್ಡಿ ದೀಪ ಬೇಕು. ಒಲೆಯ ಹೊಗೆ ಹೋಗಲು ದಾರಿ ಕಾಣದೆ ನಡುಮನೆಗೆ ಬಂದು, ನಮ್ಮನ್ನೆಲ್ಲ ಮಾತಾಡಿಸಿಕೊಂಡು, ಜಗಲಿಯ ಮೇಲೆ ಹಾದು ಹೊರಗೆ ಹೋಗುತ್ತಿತ್ತು. ಅವ್ವ ಒಲೆಯ ಮುಂದೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ರಸ್ತೆಯನ್ನು ಕಿವಿಯಿಂದ ನೋಡುತ್ತಿದ್ದಳು.

“ಇದು ಮೈಸೂರ್ ಬಸ್ಸು. ಟೂರ್ನೋರು. ಐಕ್ಳು ಪದ ಏಳ್ಕಂಡು ಓಯ್ತಾವೆ.”

“ಇದು ಈರುಳ್ಳಿ ಲಾರಿ. ಉಸ್ರು ಕಟ್ಕಂಡು ಓಯ್ತಾ ಅದೆ.”

ನಾವು ಮನೆ ಸುತ್ತಿಕೊಂಡು ರಸ್ತೆಗೆ ಓಡಿ, ನೋಡಿ ಬಂದು, ಹೌದು ಅಂದರೆ ಅವಳ ಮುಖ ಅರಳುತ್ತಿತ್ತು. ಆದರೆ ಕಿವಿಗೆ ಸಿಗದ ವಿಷಯಗಳೂ ಇರುತ್ತವಲ್ಲ. ಕಾರಿನಲ್ಲಿ ಕೂತವಳ ಸೀರೆ ಯಾವ ಬಣ್ಣ, ಮಗುವಿನ ತಲೆಗೆ ಟೋಪಿ ಇತ್ತಾ, ಗಂಡ ಹೆಂಡತಿ ಮಾತಾಡಿಕೊಂಡು ಹೋಗುತ್ತಿದ್ದರಾ ಮುನಿಸಿಕೊಂಡಿದ್ದರಾ ಎಂದೆಲ್ಲ ಕೇಳುತ್ತಿದ್ದಳು. ನಾವು ರಸ್ತೆ ಮುಟ್ಟುವಷ್ಟರಲ್ಲಿ ಕಾರು ಮೇಲುಕಾಮನಹಳ್ಳಿಯ ದಾರಿ ಹಿಡಿದಿರುತ್ತಿತ್ತು. ಆದರೂ ನಾನು ಸೀರೆಗೆ ಒಂದು ಬಣ್ಣ, ಮಗುವಿಗೆ ಒಂದು ಟೋಪಿ ಕೊಟ್ಟು ಕಳಿಸುತ್ತಿದ್ದೆ. ಅವ್ವನಿಗೆ ಬೇಕಾಗಿದ್ದದ್ದು ಒಂದೇ: ಒಲೆಯ ಪಕ್ಕದಲ್ಲಿ, ಆ ಗೋಡೆಗೆ, ಒಂದು ಕಿಟಕಿ. ಉಡಿಗಾಲದಲ್ಲಿದ್ದ ಅವಳ ತಮ್ಮ, ನಮ್ಮ ನಂಜುಂಡ ಮಾವ, ಗಾರೆ ಕೆಲಸದವನು. ಬೇವಿನ ಮರದ ಚೌಕಟ್ಟೊಂದನ್ನು ಮಾಡಿಸಿ ತನ್ನ ಮನೆಯ ಅಟ್ಟದಲ್ಲಿ ಇಟ್ಟಿದ್ದ; ಭಾವ ಹೂಂ ಅಂದ ದಿನ ತಂದು ಕೂರಿಸುವುದು ಎಂದು. ಸುಗ್ಗಿ ಕಳೆಯಲಿ ಎಂದ ಅಪ್ಪ. ಸುಗ್ಗಿ ಕಳೆಯುವುದರೊಳಗೆ ಗೋಡೆಗೆ ಬೇರೆ ಗಿರಾಕಿ ಬಂದ.

ಅಪ್ಪ ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ತೂಗುವ ಕೆಲಸದಲ್ಲಿದ್ದ. ನಾಲ್ಕು ಊರಿನ ಜನ ಬಂದು ಹೋಗುವ ಜಾಗ, ಮಾತಿಗೆ ಕೊರತೆ ಇಲ್ಲ. ಅಲ್ಲೇ ಯಾರೋ ಟೀ ಪುಡಿ ಕಂಪನಿಯವನಿಗೆ ಅಪ್ಪನ ಗೋಡೆಯ ವಿಷಯ ಹೇಳಿದ್ದಾರೆ. ಕಂಪನಿಯ ಹೆಸರು ಜೋಡಿ ಕೊಕ್ಕರೆ. ಆ ಮನುಷ್ಯ ಬಂದು, ರಸ್ತೆಯ ಆಚೆ ಹುಣಸೆ ಮರದ ಕೆಳಗೆ ನಿಂತು, ಹೆಣ್ಣು ನೋಡಲು ಬಂದವರ ಹಾಗೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನಮ್ಮ ಗೋಡೆಯನ್ನು ನೋಡಿದ. ಒಪ್ಪಿಗೆಯಾಯಿತು. ಅಪ್ಪ ಆ ಸಂಜೆ ಒಳಗೆ ಬಂದವನು ಕಾಲು ತೊಳೆಯುವುದನ್ನೂ ಮರೆತು ಹೇಳಿದ:

“ವರ್ಸ ವರ್ಸ ದೀಪಾಳಿಗೆ ಮನೆಗೆಲ್ಲ ಸುಣ್ಣ ಬಣ್ಣ ಅವ್ರೇ ಒಡಿಸ್ಕೊಡ್ತಾರೆ ಕಣ ನಿಂಗಿ. ಆ ಗೋಡೆ ನಾವು ಮುಟ್ಬಾರ್ದು, ಅಷ್ಟೇಯ.”

“ಮತ್ತೆ ಕಿಟ್ಕಿ?” ಎಂದಳು ಅವ್ವ.

“ಅಷ್ಟುದ್ದಕ್ಕೂ ಒಂದು ತೂತಿಲ್ಲ ಅಂತ್ಲೇ ಅವ್ರು ಒಪ್ಕಂಡಿರದು. ಊಟಿ ರಸ್ತೇಲಿ ಇಂತಾ ಗೋಡೆ ಇನ್ನೊಂದಿಲ್ವಂತೆ.”

ಅಪ್ಪನಿಗೆ ಅದು ನೆಲ ಬಿಟ್ಟು ಏಳುವಂಥ ಹೆಮ್ಮೆ. ಜೀವನವೆಲ್ಲ ಬೇರೆಯವರ ಈರುಳ್ಳಿ ತೂಗಿದವನು; ತನ್ನದು ಎಂದು ಯಾರಾದರೂ ಹೊಗಳಿದ ಮೊದಲ ವಸ್ತು ಆ ಗೋಡೆ. ಅದು ನನಗೆ ಈಗ ಅರ್ಥವಾಗುತ್ತದೆ. ಅದೇ ಗೋಡೆಗೆ ದಿನಾ ಬೆರಣಿ ತಟ್ಟುತ್ತಿದ್ದ ಅವ್ವ ಮಾರನೆಯ ದಿನದಿಂದ ಸಗಣಿ ಬುಟ್ಟಿ ಹೊತ್ತುಕೊಂಡು ಹಿತ್ತಲ ಬಂಡೆಗೆ ಹೋದಳು.

ಚಾಮರಾಜನಗರದಿಂದ ಆರ್ಟಿಸ್ಟ್ ಬಸವರಾಜು ಸೈಕಲ್ಲಿಗೆ ಬಣ್ಣದ ಡಬ್ಬಗಳನ್ನು ನೇತುಹಾಕಿಕೊಂಡು ಬಂದ. ನೀಲಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಹಿಡಿದು ಮೀಟಿ ಮೀಟಿ ಚೌಕ ಹಾಕಿದ. ಮೊದಲು ಮೂರು ಮೂಲೆಯ ಬೆಟ್ಟಗಳು ಬಂದವು, ಆಮೇಲೆ ಸೂರ್ಯ, ಆಮೇಲೆ ಬರೀ ಎರಡು ಚಕ್ರ. ಮೂರನೆಯ ದಿನ ಶಾಲೆಯಿಂದ ಬಂದಾಗ ಚಕ್ರಗಳ ಮೇಲೆ ಕೆಂಪು ಕಾರು ನಿಂತಿತ್ತು, ನಿಜವಾದ ಕಾರಿಗಿಂತ ದೊಡ್ಡದು. ಟೈ ಕಟ್ಟಿದ ಗಂಡಸು ಸ್ಟೀರಿಂಗ್ ಹಿಡಿದು ನಗುತ್ತಿದ್ದ. ಅವನ ಪಕ್ಕ, ಕಿಟಕಿಯಲ್ಲಿ, ನೀಲಿ ಸೀರೆಯ ಹೆಂಗಸು ಹಬೆಯಾಡುವ ಕಪ್ಪು ಹಿಡಿದು ರಸ್ತೆ ನೋಡುತ್ತಿದ್ದಳು. ಹಿಂದೆ ಒಬ್ಬ ಹುಡುಗ, ರಿಬ್ಬನ್ ಕಟ್ಟಿದ ಒಬ್ಬ ಹುಡುಗಿ. ಕೆಳಗೆ ದಪ್ಪ ಅಕ್ಷರದಲ್ಲಿ: ರಜಾ ಬಂತು, ಮಜಾ ಬಂತು, ಜೋಡಿ ಕೊಕ್ಕರೆ ಟೀ ಬಂತು. ನಾನು ಆ ಹುಡುಗಿಯನ್ನು ನೋಡಿದ ಗಳಿಗೆಯಲ್ಲೇ ಅದು ನಾನೇ ಎಂದು ತೀರ್ಮಾನಿಸಿದೆ. ಅಜ್ಜಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ಕೋಲೂರಿಕೊಂಡು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಏಣಿಯ ಮೇಲಿದ್ದವನನ್ನು ತರಾಟೆಗೆ ತೆಗೆದುಕೊಂಡಳು:

“ಲೋ ಬಸ್ರಾಜ, ಗಂಡ ಗುಂಡ್ಕಲ್ಲಂಗೆ ಪಕ್ದಲ್ಲೇ ಕೂತವ್ನೆ. ಅವ್ಳ ಅಣೆ ಯಾಕ್ಲಾ ಬೋಳ್ ಬುಟ್ಟಿದ್ದೀಯೆ?”

“ಕಂಪ್ನಿ ಕೊಟ್ಟಿರೊ ಪಟದಲ್ಲಿ ಇಲ್ವಲ್ಲಜ್ಜಿ.”

“ಕಂಪ್ನಿಯೋರು ಅವ್ರ ಮನೆ ಗೋಡೆ ಮ್ಯಾಲೆ ಬೋಳು ಅಣೆ ಬರ್ಕಳ್ಳಿ. ನಮ್ಮನೆ ಗೋಡೇಲಿ ಕೂತ್ಕಳ್ಳದಾದ್ರೆ ಕುಂಕ್ಮ ಇಟ್ಕಂಡು ಕೂತ್ಕಳ್ಳಲಿ.”

ಬಸವರಾಜು ಅಜ್ಜಿಗೆ ಹೆದರಿ ಕಾಸಗಲ ಕುಂಕುಮ ಇಟ್ಟ. ಪೇಟೆಯಿಂದ ಊಟಿಗೆ ಹೊರಟಿದ್ದ ಹೆಂಗಸು ಒಂದೇ ಗಳಿಗೆಯಲ್ಲಿ ನಮ್ಮ ನೆಂಟರವಳಾದಳು.

ತಮಾಷೆಯೆಂದರೆ ನಮ್ಮ ಮನೆಯಲ್ಲಿ ಯಾರೂ ಟೀ ಕುಡಿಯುತ್ತಿರಲಿಲ್ಲ. ನಮ್ಮದು ಬೆಲ್ಲದ ಕಾಫಿ. ಟೀ ಕುಡಿದರೆ ಮೈ ಕಪ್ಪಾಗುತ್ತದೆ ಎಂದು ಅಜ್ಜಿ ನಂಬಿದ್ದಳು. ಆದರೆ ಗೋಡೆಯ ಮೇಲೆ ಅಷ್ಟು ದೊಡ್ಡ ಟೀ ಕಪ್ಪು ನೋಡಿದವರು ಸುಮ್ಮನೆ ಹೋಗುತ್ತಾರೆಯೇ? ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಕಾರುಗಳು ನಿಲ್ಲತೊಡಗಿದವು. ಕರಿ ಕನ್ನಡಕದವರು ಮನೆ ಸುತ್ತಿಕೊಂಡು ಬಂದು, ಜಗಲಿಯ ಮೇಲೆ ಕೂತು, ನಾಲ್ಕು ಟೀ ಎನ್ನುತ್ತಿದ್ದರು. ಕೇರಳದ ಕಡೆಯವರು ಚಾಯ ಉಂಡೋ, ಟೀ ಇದೆಯಾ ಎಂದು ಕೇಳುತ್ತಿದ್ದರು. ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟು, ಯಾವೂರು, ಯಾವ ಜನ, ಮಕ್ಕಳೆಷ್ಟು ಎಂದು ವಿಚಾರಿಸಿ ಕಳಿಸುತ್ತಿದ್ದಳು. ಜಾಹೀರಾತು ನಂಬಿ ಬಂದವರಿಗೆ ಬೇರೆ ಏನೋ ಸಿಗುವುದನ್ನು ನಾನು ಮೊದಲು ಕಂಡದ್ದು ನಮ್ಮ ಜಗಲಿಯಲ್ಲೇ. ಆದರೆ ಮಜ್ಜಿಗೆ ಕುಡಿದು ಬೇಸರಪಟ್ಟವರನ್ನು ನೋಡಲಿಲ್ಲ. ಬಸ್ಸಿನ ಕಂಡಕ್ಟರುಗಳು ನಮ್ಮ ಮನೆಯನ್ನೇ ಒಂದು ಸ್ಟಾಪು ಮಾಡಿಕೊಂಡರು. ‘ಕಾರ್ ಗೋಡೆ, ಕಾರ್ ಗೋಡೆ, ಯಾರ್ರೀ ಇಳ್ಯೋರು’ ಎಂಬ ಕೂಗು ಕೇಳಿದರೆ ಅಪ್ಪ ಊಟ ಮಾಡುತ್ತಿದ್ದರೂ ತಲೆಯೆತ್ತಿ ಸಣ್ಣಗೆ ನಗುತ್ತಿದ್ದ.

ಗೋಡೆಗೂ ರಸ್ತೆಗೂ ನಡುವೆ ಒಂದಿಷ್ಟು ಬಯಲಿತ್ತು. ಅಲ್ಲಿ ಮಲ್ಲು ಮತ್ತವನ ಸ್ನೇಹಿತರ ಕ್ರಿಕೆಟ್ಟು. ಕಾರಿನ ಹಿಂದಿನ ಚಕ್ರವೇ ವಿಕೆಟ್ಟು. ಚೆಂಡು ಟೈರಿಗೆ ತಾಗಿದರೆ ಔಟು, ಬಾಗಿಲಿಗೆ ತಾಗಿದರೆ ಇಲ್ಲ. ತಾಗಿದ್ದು ಟೈರಿಗೋ ಬಾಗಿಲಿಗೋ ಎಂಬ ಜಗಳ ಮಾತ್ರ ಆಟಕ್ಕಿಂತ ಉದ್ದ. ಟೈ ಕಟ್ಟಿದವನ ಮುಖಕ್ಕೆ ಹೊಡೆದವನು ಆ ದಿನ ಆಟದಿಂದಲೇ ಹೊರಗೆ, ಅದು ಅಪ್ಪನ ಕಾನೂನು. ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ನಾನು ಹುಣಸೆ ಮರದ ಬೇರಿನ ಮೇಲೆ ಕೂತು ರೇಡಿಯೋದವರ ಹಾಗೆ ಕಾಮೆಂಟರಿ ಹೇಳುತ್ತಿದ್ದೆ. ನನ್ನ ಕಾಮೆಂಟರಿಯಲ್ಲಿ ಆಟಗಾರರಿಗಿಂತ ಹೋಗುವ ಬಸ್ಸುಗಳ ವಿಷಯವೇ ಹೆಚ್ಚು. ಜೋರಾಗಿ ಹೇಳುತ್ತಿದ್ದೆ, ಯಾಕೆಂದರೆ ಗೋಡೆಯ ಆಚೆ ಒಲೆಯ ಮುಂದೆ ಒಬ್ಬಳು ಕೇಳುತ್ತ ಕೂತಿದ್ದಾಳೆ ಎಂದು ನನಗೆ ಗೊತ್ತಿತ್ತು.

ಆಯುಧಪೂಜೆ ಬಂತು. ಊರಲ್ಲಿ ಟ್ರ್ಯಾಕ್ಟರು, ಸೈಕಲ್ಲು, ನೇಗಿಲು ಎಲ್ಲಕ್ಕೂ ಹೂವು. ನಮ್ಮ ಮನೆಯಲ್ಲಿ ಗಾಡಿ ಇರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ಇಷ್ಟು ದೊಡ್ಡ ಕಾರು ಮನೆ ಬೆನ್ನಿಗೇ ನಿಂತಿರುವಾಗ ಪೂಜೆ ಇಲ್ಲದೆ ಬಿಡಬಾರದು, ಕಾರಿಗೆ ಕೋಪ ಬಂದರೆ ಏನು ಗತಿ ಎಂದಳು. ಯಾರೂ ನಗಲಿಲ್ಲ. ಅಪ್ಪ ಏಣಿ ಹಾಕಿ ಚೆಂಡು ಹೂವಿನ ಹಾರವನ್ನು ಕಾರಿನ ಮೂತಿಯ ಉದ್ದಕ್ಕೂ ಇಳಿಬಿಟ್ಟ. ಮೊಳೆ ಹೊಡೆಯುವ ಹಾಗಿಲ್ಲವಲ್ಲ, ಹಾರದ ಎರಡು ತುದಿಯನ್ನೂ ಹೆಂಚಿನ ಕೆಳಗೆ ಸಿಕ್ಕಿಸಿದ. ಚಿತ್ರದ ಟೈರುಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾರು ಹತ್ತಿಸಲು ಬಾರದೆ, ಮಲ್ಲುವಿನ ಕಾಲಲ್ಲಿ ತುಳಿಸಿದೆವು. ಬೂದುಗುಂಬಳ ಒಡೆದೆವು. ಅಜ್ಜಿ ಟೈ ಕಟ್ಟಿದವನಿಗೆ ವಿಭೂತಿ, ಹೆಂಗಸಿಗೆ ಹೊಸದಾಗಿ ಕುಂಕುಮ ಇಟ್ಟಳು. ಹೋಗುವ ಲಾರಿಯವರು ಹಾರನ್ ಹೊಡೆದು ಕೈಮುಗಿದರು. ಅವ್ವ ಆರತಿ ತಟ್ಟೆ ಹಿಡಿದು ಆ ಹೆಂಗಸಿನ ಮುಖವನ್ನೇ ನೋಡುತ್ತ ನಿಂತಿದ್ದಳು. ಒಳಗೆ ಬಂದು ತಟ್ಟೆ ಕೆಳಗಿಟ್ಟವಳೇ ಅಪ್ಪನಿಗೆ ಹೇಳಿದಳು:

“ಅವ್ಳು ಮುಂದ್ಗಡೆ ಬೆಳಕಲ್ಲಿ ಕೂತ್ಕಂಡು ರಸ್ತೆ ನೋಡ್ತಾವ್ಳೆ. ನಾನು ಅವ್ಳ ಬೆನ್ನಿಂದೆ ಕತ್ಲೇಲಿ ಒಗೆ ಕುಡೀತಾ ಇವ್ನಿ. ನಂಗೆ ಊಟಿ ಬ್ಯಾಡ, ಟೂರು ಬ್ಯಾಡ. ಓಗೋರ್ನ ನೋಡದೂ ಬ್ಯಾಡ್ವಾ?”

“ಕೊಟ್ಟಿರೊ ಮಾತು ಕಣ ನಿಂಗಿ.”

“ನನ್ಗೂ ಕೊಟ್ಟಿದ್ರಿ. ಸುಗ್ಗಿ ಕಳೀಲಿ ಅಂತವ.”

ಅಪ್ಪ ಎದ್ದು ಜಗಲಿಗೆ ಹೋದ. ಆ ದಿನದ ಪಾಯಸ ಯಾರಿಗೂ ರುಚಿಸಲಿಲ್ಲ. ಮನೆಯೊಳಗೆ ಮಾತು ಕಡಿಮೆಯಾಗಿ, ಊಟಕ್ಕೆ ಏಳಿ, ಮುದ್ದೆ ಬಡಿಸಿದೆ ಎಂಬಷ್ಟಕ್ಕೇ ಬಂದು ನಿಂತಿತು. ಕೊನೆಗೊಂದು ದಿನ ಅಪ್ಪನೇ ಮೆತ್ತಗಾಗಿ, ಬೇಸಿಗೆಗೆ ಎಲ್ಲರೂ ಊಟಿಗೇ ಹೋಗಿ ಬರೋಣ ಎಂದ. ಕಿಟಕಿ ಕೇಳಿದವಳಿಗೆ ಊಟಿ ಕೊಡಲು ಹೊರಟಿದ್ದ, ಪಾಪ.

ಬೇಸಿಗೆ ಬಂದಾಗ ಮಂಡಿಯಿಂದ ಊಟಿಗೆ ಹೋಗುವ ಲಾರಿಯಲ್ಲಿ ಜಾಗ ಸಿಕ್ಕಿತು. ಹೊರಡುವ ಹಿಂದಿನ ದಿನ ಅವ್ವ ನನ್ನನ್ನು ಕರೆದು, ಒಂದು ಆಟ ಆಡೋಣ ಎಂದಳು.

“ಈ ಕಲ್ಲು ತಕ್ಕಂಡು ಒರಗೋಗಿ, ಆ ಎಂಗಸಿನ ಮೊಕದ ಮ್ಯಾಲೆ ಮೆಲ್ಲುಕೆ ತಟ್ಟು ಕಣಮ್ಮಿ. ನಾನು ನಿಲ್ಸು ಅನ್ನಗಂಟ ತಟ್ತಾನೇ ಇರು.”

ನಾನು ಒಂದು ಕುಕ್ಕೆ ತಂದು ಬೋರಲು ಹಾಕಿ, ಅದರ ಮೇಲೆ ಹತ್ತಿ, ಕುಂಕುಮದ ಕೆಳಗೆ ಟಕ್ ಟಕ್ ಎಂದು ತಟ್ಟಿದೆ. ಒಳಗಿನಿಂದ ಅವ್ವನೂ ತಟ್ಟಿದಳು. ಗೋಡೆಯ ಹೊಟ್ಟೆಯೊಳಗೆ ಎರಡು ಸದ್ದೂ ಹತ್ತಿರ ಹತ್ತಿರ ಬಂದು ಒಂದಾದವು. ಒಳಗೆ ಓಡಿ ಹೋಗಿ ನೋಡಿದರೆ ಮಸಿ ಹಿಡಿದ ಗೋಡೆಯ ಮೇಲೆ ಅಜ್ಜಿಯ ಎಲೆಯಡಿಕೆಯ ಸುಣ್ಣದಲ್ಲಿ ಒಂದು ಬೊಟ್ಟು ಇಟ್ಟಿದ್ದಳು. ಅಜ್ಜಿ ಸುಣ್ಣದ ಡಬ್ಬಿ ಮುಚ್ಚುತ್ತ ಏನೂ ಕಾಣದವಳ ಹಾಗೆ ಕೂತಿದ್ದಳು. ಆಟ ಚೆನ್ನಾಗಿತ್ತು, ಬೇಗ ಮುಗಿಯಿತು ಎಂದಷ್ಟೇ ನನಗೆ ಅನಿಸಿತು.

ಬೆಳಿಗ್ಗೆ ಅವ್ವ ಬುತ್ತಿ ಕಟ್ಟಿಕೊಟ್ಟು, ಎಮ್ಮೆ ಈಯುವ ದಿನ, ತಾನೂ ಅಜ್ಜಿಯೂ ಬರುವುದಿಲ್ಲ ಎಂದಳು. ಅಪ್ಪ ಎಷ್ಟು ಬಲವಂತ ಮಾಡಿದರೂ ಅವಳು ಒಪ್ಪಲಿಲ್ಲ. ಮುನಿಸೂ ಇರಲಿಲ್ಲ, ನಗುನಗುತ್ತಲೇ ಕಳಿಸಿದಳು. ಲಾರಿಯ ಡ್ರೈವರು ತಮಿಳಿನವನು, ಮುರುಗೇಶಣ್ಣ. ‘ಏರು ಪಾಪಾ, ಭಯಪಡಾದೆ’ ಎಂದು ನನ್ನನ್ನು ಎತ್ತಿ ತನ್ನ ಪಕ್ಕ ಕೂರಿಸಿಕೊಂಡ. ಕಾಡು ಶುರುವಾಯಿತು, ಜಿಂಕೆಗಳು ತಲೆಯೆತ್ತಿ ನೋಡಿದವು, ಆಮೇಲೆ ತಿರುವುಗಳು, ಆಮೇಲೆ ಮಂಜು. ಮಂಜಿನೊಳಗೆ ಲಾರಿಯೂ ಮೆತ್ತಗಾದಂತೆ, ಈರುಳ್ಳಿಯ ವಾಸನೆಯೂ ನಿದ್ದೆ ಹೋದಂತೆ ಇತ್ತು. ಊಟಿಯಲ್ಲಿ ಹೂವಿನ ತೋಟ ನೋಡಿದೆವು, ವರ್ಕಿ ಬಿಸ್ಕತ್ತು ತಿಂದೆವು, ಮಲ್ಲು ಕುದುರೆ ನೋಡಿ ಹೆದರಿದ. ನಾನು ದಿನವೆಲ್ಲ ಆ ಮೂರು ಮೂಲೆಯ ಬೆಟ್ಟಗಳನ್ನು ಹುಡುಕಿದೆ, ಎಲ್ಲೂ ಇರಲಿಲ್ಲ. ಇದ್ದ ಬೆಟ್ಟಗಳೆಲ್ಲ ದುಂಡಗೆ, ನಿದ್ದೆ ಮಾಡುವ ಎಮ್ಮೆಗಳ ಹಾಗಿದ್ದವು. ಟೀ ತೋಟ ಕಂಡಾಗ ಅಪ್ಪ ಪಕ್ಕದಲ್ಲಿದ್ದ ಅಪರಿಚಿತರಿಗೆ, ಈ ಸೊಪ್ಪು ನಮ್ಮ ಗೋಡೆಯದೇ ಎಂದು ಹೇಳಿದ. ಅವರಿಗೆ ಏನೂ ಅರ್ಥವಾಗದೆ ತಲೆಯಾಡಿಸಿದರು. ಹೂವಿನ ತೋಟದ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಾಗ ಅಪ್ಪ ಒಂದು ತುತ್ತು ಬಾಯಿಗಿಟ್ಟು, ನಿಮ್ಮವ್ವ ಬರಬೇಕಾಗಿತ್ತು ಎಂದು ಎರಡು ಸಲ ಅಂದ.

ಮಾರನೆಯ ದಿನ ಸರ್ಕಾರಿ ಬಸ್ಸಿನಲ್ಲಿ ವಾಪಸಾದೆವು. ಕಾಡು ದಾಟಿದ ಮೇಲೆ ಅಪ್ಪ ಬಸ್ಸಿನವರಿಗೆಲ್ಲ ಕೇಳಿಸುವ ಹಾಗೆ, ಈಗ ನೋಡು, ನಮ್ಮ ಗೋಡೆ ಬರುತ್ತದೆ ಎಂದು ನನಗೆ ಹೇಳಿದ. ಕಂಡಕ್ಟರು ‘ಕಾರ್ ಗೋಡೆ’ ಎಂದು ಕೂಗಿದ. ಎಲ್ಲರೂ ಬಗ್ಗಿ ನೋಡಿದರು. ಬೆಟ್ಟ ಇತ್ತು, ಸೂರ್ಯ ಇದ್ದ, ಟೈ ಕಟ್ಟಿದವನು ನಗುತ್ತಿದ್ದ. ಅವನ ಪಕ್ಕದ ಹೆಂಗಸಿನ ಮುಖ ಇರಲಿಲ್ಲ. ಆ ಜಾಗದಲ್ಲಿ ಬೇವಿನ ಮರದ ಚೌಕಟ್ಟು, ಅದರೊಳಗೆ ಅವ್ವ. ನೀಲಿ ಸೀರೆ, ಚಿತ್ರದ ಕೈ, ಚಿತ್ರದ ಕಪ್ಪು ಹಾಗೇ ಇದ್ದವು. ಮೇಲಿನ ತಲೆ ಮಾತ್ರ ನಮ್ಮ ಅವ್ವನದು, ಅವಳ ಹಿಂದಿನಿಂದ ಒಲೆಯ ಹೊಗೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಕಾರು ಹೊರಡಲು ತಯಾರಾದಂತಿತ್ತು. ಬಸ್ಸೆಲ್ಲ ನಕ್ಕಿತು. ಅವ್ವ ನಮ್ಮನ್ನು ನೋಡಿದಳು, ನಗಲಿಲ್ಲ, ಪಕ್ಕಕ್ಕೆ ಸರಿಯಲೂ ಇಲ್ಲ.

ಅಪ್ಪ ಇಳಿದವನು ರಸ್ತೆಯ ಆಚೆಯೇ ನಿಂತುಬಿಟ್ಟ. ಹುಣಸೆ ಮರದ ಕೆಳಗೆ, ಕಂಪನಿಯವನು ನಿಂತು ಒಪ್ಪಿದ ಜಾಗದಲ್ಲೇ. ಅವನ ಮುಖ ಕೆಂಪಗಾಗಿತ್ತು. ಓಣಿಯ ಕಡೆಯಿಂದ ನಂಜುಂಡ ಮಾವ ಗಾರೆ ಬಾಣಲಿ ಹೊತ್ತುಕೊಂಡು, ಭಾವನ ಕಣ್ಣಿಗೆ ಬೀಳದಂತೆ ಹೊಲದ ದಾರಿ ಹಿಡಿದದ್ದನ್ನು ನಾನು ನೋಡಿದೆ. ಅಪ್ಪ ದಡದಡನೆ ಮನೆ ಸುತ್ತಿ ಅಡುಗೆ ಮನೆಗೆ ನುಗ್ಗಿದ. ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ನನಗೆ ಅಳು ಬರುವಷ್ಟು ಭಯವಾಗಿತ್ತು. ಅಡುಗೆ ಮನೆ ತುಂಬ ಬೆಳಕಿತ್ತು. ಗೋಡೆಗಳು ಎಷ್ಟು ಕಪ್ಪಗಿದ್ದವು ಎಂದು ನಮಗೆ ಗೊತ್ತಾದದ್ದೇ ಆವತ್ತು. ಒಲೆಯ ಪಕ್ಕ ಅವ್ವ ನಿಂತಿದ್ದಳು, ಬೆಳಕು ಅವಳ ಮೇಲೆ ಬಿದ್ದಿತ್ತು. ಅಪ್ಪ ಅವಳ ತಲೆಯನ್ನೇ ನೋಡಿ, ಜಗಳಕ್ಕೆ ಬಂದದ್ದನ್ನೇ ಮರೆತವನಂತೆ ಕೇಳಿದ:

“ನಿನ್ ತಲೆ ನೆರ್ತೋಗದಲ್ಲ ನಿಂಗಿ?”

“ಯಾವಾಗ್ಲೋ ನೆರ್ತದೆ,” ಎಂದಳು ಅವ್ವ. “ನೀವು ನೋಡಿರದು ಇವಾಗ.”

ಅಪ್ಪ ಅಲ್ಲೇ ಮಣೆಯ ಮೇಲೆ ಕುಸಿದು ಕೂತ. ಅವ್ವ ಅವನಿಗೆ ಬೆಲ್ಲದ ಕಾಫಿ ಕೊಟ್ಟಳು. ಅಜ್ಜಿ ನಡುಮನೆಯಿಂದಲೇ, ಎಮ್ಮೆ ಹೆಣ್ಣು ಕರು ಹಾಕಿದೆ ಕಣಪ್ಪ ಎಂದು ಬೇರೆ ಯಾವುದೂ ನಡೆದೇ ಇಲ್ಲವೆಂಬಂತೆ ಸಾರಿದಳು.

ಆದರೂ ಕೊಟ್ಟ ಮಾತಿನ ಭಯ ಅಪ್ಪನನ್ನು ದೀಪಾವಳಿಯವರೆಗೂ ಬಿಡಲಿಲ್ಲ. ಬಣ್ಣ ಹೊಸದು ಮಾಡಲು ಬಸವರಾಜು ಬಂದಾಗ ಕೈಮುಗಿದೇ ಮುಂದೆ ನಿಂತ. ಬಸವರಾಜು ಸೈಕಲ್ಲು ನಿಲ್ಲಿಸಿ, ಬೀಡಿ ಹಚ್ಚಿ, ಗೋಡೆಯನ್ನೂ ಕಿಟಕಿಯಲ್ಲಿದ್ದ ಅವ್ವನನ್ನೂ ನೋಡಿದ.

“ನಾ ಬರ್ದಿದ್ದ ಮೊಕಕ್ಕಿಂತ ಇದೇ ಸಂದಾಗದೆ ಬುಡಣ್ಣ,” ಎಂದ. “ಅಕ್ಕ, ಕಂಪ್ನಿಯೋರ ಜೀಪು ಬಂದಾಗ ಒಸಿ ಅಲ್ಲಾಡ್ದೆ ನಿಂತ್ಕಬುಡು.”

ಚೌಕಟ್ಟಿಗೆ ಕೆಂಪು ಬಳಿದು ಅದನ್ನೂ ಕಾರಿನ ಕಿಟಕಿ ಮಾಡಿ ಹೋದ. ಹಬ್ಬ ಕಳೆದ ಮೇಲೆ ಜೀಪೂ ಬಂತು. ಮಲ್ಲು ಕೂಗಿದ ಕೂಡಲೇ ಅವ್ವ ಕುಂಕುಮ ತಿದ್ದಿಕೊಂಡು, ಕಣ್ಣು ಮಿಟುಕಿಸದೆ ನಿಂತಳು. ಕಂಪನಿಯವನು ಜೀಪಿನಿಂದ ಇಳಿಯಲೂ ಇಲ್ಲ. ದೂರದಿಂದಲೇ ನೋಡಿ, ಚಿತ್ರ ಬಹಳ ಜೀವಂತವಾಗಿ ಬಂದಿದೆ ಎಂದು ಕೂತಲ್ಲಿಂದಲೇ ಅಪ್ಪನ ಬೆನ್ನು ತಟ್ಟಿ ಹೊರಟುಹೋದ. ಅಪ್ಪ ನಕ್ಕದ್ದನ್ನು ನಾನು ನಿಜವಾಗಿ ನೋಡಿದ್ದು ಆವತ್ತು, ಹುಣಸೆ ಮರ ಹಿಡಿದುಕೊಂಡು ನಕ್ಕ. ಕ್ರಿಕೆಟ್ಟಿಗೂ ಹೊಸ ಕಾನೂನು ಬಂತು: ಕಿಟಕಿಯೊಳಕ್ಕೆ ಬಿದ್ದರೆ ಸಿಕ್ಸರು, ಚೆಂಡು ಮಾತ್ರ ಅವ್ವನದು. ಹುರುಳಿಕಾಳಿನ ಸಾರಿನಿಂದ ತೆಗೆದ ಚೆಂಡುಗಳನ್ನು ಅವಳು ತೊಳೆದು ಸಾಲಾಗಿ ಕಿಟಕಿಯಲ್ಲಿ ಒಣಗಿಸುತ್ತಿದ್ದಳು.

ಆಮೇಲೆ ಅವ್ವ ರಸ್ತೆಯನ್ನು ಕಣ್ಣಿಂದಲೇ ನೋಡಿದಳು. ಹೋಗುವವರು ಕೈ ಬೀಸಿದರೆ ಇವಳೂ ಬೀಸುತ್ತಿದ್ದಳು. ಹೋಗುವಾಗ ನಗುತ್ತಿದ್ದವರು ಬರುವಾಗ ಮುನಿಸಿಕೊಂಡಿದ್ದರೆ, ಊಟಿಯಲ್ಲಿ ಏನೋ ಆಗಿದೆ ಎಂದು ರಾತ್ರಿ ಊಟಕ್ಕೆ ನಮಗೆ ಕಥೆ ಬಡಿಸುತ್ತಿದ್ದಳು. ನಾನು ಓದಿ, ಚಾಮರಾಜನಗರದಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಅಲ್ಲೇ ನಿಂತೆ. ಈಗಲೂ ದೊಡ್ಡ ಜಾಹೀರಾತು ಕಂಡರೆ ಅದರಲ್ಲಿ ನಗುವವರನ್ನು ಬಿಟ್ಟು, ಅದರ ಹಿಂದೆ ಯಾರು ಅಡುಗೆ ಮಾಡುತ್ತಿರಬಹುದು ಎಂದೇ ನನ್ನ ಮನಸ್ಸು ಹೋಗುತ್ತದೆ. ಜೋಡಿ ಕೊಕ್ಕರೆ ಹಾರಿಹೋಯಿತು. ಅದರ ಮೇಲೆ ಸಿಮೆಂಟಿನ ಜಾಹೀರಾತು ಬಂತು, ಮೊಬೈಲ್ ಸಿಮ್ಮಿನದು ಬಂತು. ಈಗ ಗೋಡೆ ಕೇಳುವವರೇ ಇಲ್ಲ, ಜಾಹೀರಾತೆಲ್ಲ ಜನರ ಅಂಗೈಗೇ ಬಂದಿದೆ. ಟೂರಿನವರು ಸೂರ್ಯಕಾಂತಿ ಹೊಲಗಳಲ್ಲಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಾರೆ. ಅಪ್ಪನೂ ಅಜ್ಜಿಯೂ ಇಲ್ಲ. ಮಲ್ಲಣ್ಣ ಹೆಂಡತಿ ಮಕ್ಕಳೊಂದಿಗೆ ಅದೇ ಮನೆಯಲ್ಲಿದ್ದಾನೆ, ಗೋಡೆಗೆ ಬರೀ ಬಿಳಿ ಬಳಿಸಿದ್ದಾನೆ, ಕಿಟಕಿ ಹಾಗೇ ಇದೆ. ಊಟಿಗೆ ಹೋಗೋಣ ಎಂದು ನಾವು ಕೇಳಿದಾಗಲೆಲ್ಲ ಅವ್ವ, ಊಟಿ ದಿನಾ ಕಿಟಕಿ ಮುಂದಕ್ಕೇ ಬರುತ್ತದಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ಬೇಸಿಗೆಯಲ್ಲಿ ಮಾತ್ರ ತಾನಾಗಿಯೇ, ಒಂದು ಸಲ ಹೋಗಿ ಬರೋಣ ಎಂದಳು. ಮಲ್ಲಣ್ಣ ಕಾರು ತೊಳೆದ. ನಾನು ಚಾಮರಾಜನಗರದಿಂದ ಬಂದೆ. ಅತ್ತಿಗೆ, ಮಕ್ಕಳು ತವರಿಗೆ ಹೋಗಿದ್ದರು, ಹೊರಟವರು ನಾವು ಮೂವರೇ. ಅವ್ವ ಗೋಡೆಯ ಕಡೆಯ ಕಿಟಕಿಯೇ ಬೇಕೆಂದು ಹಿಂದಿನ ಸೀಟಿನಲ್ಲಿ ಕೂತಳು. ಕಾರು ಓಣಿಯಿಂದ ರಸ್ತೆಗೆ ಬಂದದ್ದೇ ನಿಲ್ಲಿಸು ಎಂದಳು. ಗಾಜು ಇಳಿಸಿ ತನ್ನ ಕಿಟಕಿಯನ್ನು ಹೊರಗಿನಿಂದ ನೋಡಿದಳು.

“ಯಾರೂ ಇಲ್ವಲ್ಲ,” ಎಂದಳು.

“ಎಲ್ಲಾ ಕಾರಲ್ಲೇ ಇದ್ದೀವಲ್ಲವ್ವ,” ಎಂದ ಮಲ್ಲಣ್ಣ.

“ಓಗೋರು ನೋಡ್ದಾಗ ಯಾರಾದ್ರೂ ಇರ್ಬೇಕು ಕಣ್ಲಾ. ಇಲ್ದಿದ್ರೆ ಅದು ಬರೀ ತೂತು.” ನನ್ನ ಕಡೆ ತಿರುಗಿದಳು. “ಅಮ್ಮಿ, ನೀ ಓಗಿ ನಿಂತ್ಕೊ. ಮಲ್ಲು, ನೀನು ಇಂದಕ್ಕೋಗಿ ತಿರುಗ್ಸ್ಕಂಡು ಬಾ. ಟೂರ್ನೋರು ಬತ್ತಾರಲ್ಲ, ಅಂಗೆ ಬಾ.”

ನಾನು ಇಳಿದು, ಬೀಗ ತೆಗೆದು, ಅಡುಗೆ ಮನೆಗೆ ಹೋಗಿ ಕಿಟಕಿಯಲ್ಲಿ ನಿಂತೆ. ಅವಳ ಮೊಣಕೈ ಸವೆಸಿದ ಜಾಗ ಚೌಕಟ್ಟಿನಲ್ಲಿ ನುಣ್ಣಗಿತ್ತು, ನನ್ನ ಮೊಣಕೈ ತಾನಾಗಿ ಅಲ್ಲೇ ಹೋಗಿ ಕೂತಿತು. ಹಂಗಳದ ಕಡೆಯಿಂದ ಕಾರು ಬಂತು. ಇಳಿಸಿದ ಗಾಜಿನಲ್ಲಿ ಅವ್ವ ಇದ್ದಳು, ಬಿಳಿ ತಲೆ, ಕಾಸಗಲ ಕುಂಕುಮ. ಮಗಳನ್ನು ನೋಡುವ ಹಾಗೆ ನೋಡಲಿಲ್ಲ. ದಾರಿಯಲ್ಲಿ ಹೋಗುವವರು ಯಾವುದೋ ಮನೆಯ ಕಿಟಕಿಯಲ್ಲಿ ನಿಂತ ಹೆಂಗಸನ್ನು ನೋಡುವ ಹಾಗೆ, ಒಂದು ಗಳಿಗೆ ಕುತೂಹಲದಿಂದ ನೋಡಿದಳು, ಕೈ ಬೀಸಿದಳು. ನಾನೂ ಬೀಸಿದೆ. ಕಾರು ನಿಲ್ಲಲಿಲ್ಲ. ಆಮೇಲೆ ಮಲ್ಲಣ್ಣ ಹೇಳಿದ, ಬ್ರೇಕ್ ಹಾಕಲು ಹೋದರೆ ಅವ್ವ ಅವನ ಭುಜ ಹಿಡಿದು, ‘ಓಗು ಓಗು, ಇವಾಗ ಸಂದಾಗದೆ’ ಎಂದಳಂತೆ. ಕಾಡಿನ ಗೇಟು ಕಾಣುವವರೆಗೂ ಹಿಂದೆ ತಿರುಗಿಸಲು ಬಿಡಲಿಲ್ಲವಂತೆ.

ಅವರು ನನಗಾಗಿ ವಾಪಸು ಬರುವವರೆಗೆ ಇರಲಿ ಎಂದು ಕಾಫಿಗೆ ಬೆಲ್ಲ ಹಾಕಿ ನೀರಿಟ್ಟು, ಮತ್ತೆ ಕಿಟಕಿಗೆ ಬಂದೆ. ಮೈಸೂರಿನ ಬಸ್ಸೊಂದು ಬರುತ್ತಿತ್ತು. ಟೂರಿನವರು. ಮಕ್ಕಳು ಹಾಡು ಹೇಳುತ್ತಿದ್ದವು. ಟೋಪಿ ಹಾಕಿದ ಒಂದು ಮಗು ನನ್ನನ್ನು ನೋಡಿ ಕೈ ಎತ್ತಿತು.

ಟೋಪಿ ಹಳದಿ ಬಣ್ಣದ್ದು. ಅವ್ವ ಬಂದ ಮೇಲೆ ಹೇಳಬೇಕು.